ಕೋಲು, ಕಣ್ಣು ಮತ್ತು ನಾನ್ನೂರ ಇಪ್ಪತ್ತು ಮನೆ

ಸೇಲಂನ ಗುಗೈ ಬೀದಿಗಳಲ್ಲಿ ರಾಜಾತಿಯನ್ನು ಅರಿಯದವರು ಕಡಿಮೆ. ಕನ್ನಡ ಮನೆಮಾತಿನ ನೇಕಾರರ ಮನೆಯಲ್ಲಿ ಹುಟ್ಟಿ ನೇಕಾರರ ಮನೆಗೇ ಸೊಸೆಯಾಗಿ ಬಂದವಳು. ಗಂಡ ಶಿವಲಿಂಗಂ ಈಗಲೂ ಮಗ್ಗದ ಮುಂದೆ ಕೂರುತ್ತಾನೆ. ರಾಜಾತಿ ಮಾತ್ರ ಇಪ್ಪತ್ತಮೂರು ವರ್ಷದಿಂದ ಊರೂರು ತಿರುಗಿ ಮನೆ ಬಾಗಿಲು ತಟ್ಟುವ ಕೆಲಸ ಮಾಡಿಕೊಂಡು ಬಂದವಳು. ಯಾವ ಸೋಪಿನಲ್ಲಿ ಬಟ್ಟೆ ಒಗೆಯುತ್ತೀರಿ, ತಿಂಗಳಿಗೆ ಎಷ್ಟು ಪೊಟ್ಟಣ ಚಾಪುಡಿ ಬೇಕು, ಸಂಜೆ ಯಾವ ಚಾನೆಲ್ ನೋಡುತ್ತೀರಿ ಎಂದು ಕಂಪೆನಿಗಳು ತಿಳಿಯಬಯಸಿದ್ದನ್ನೆಲ್ಲ ಜನರಿಂದ ಕೇಳಿ ತರುವುದು. ಮೊದಲು ಹಾಳೆಯಲ್ಲಿ ಬರೆದುಕೊಳ್ಳುತ್ತಿದ್ದಳು, ಈಗ ಟ್ಯಾಬಿನಲ್ಲಿ ಒತ್ತುತ್ತಾಳೆ. ನಲವತ್ತಾರು ವಯಸ್ಸು, ಚಿಕ್ಕ ಆಳು, ಗಟ್ಟಿ ಕಾಲು. ಬಾಗಿಲಲ್ಲಿ ನಿಂತು ಒಂದು ಲೋಟ ನೀರು ಕೇಳಿದಳೆಂದರೆ ಆ ಮನೆಯ ಹೆಂಗಸು ಅವಳನ್ನು ಒಳಗೆ ಕರೆಯದೆ ಇರುತ್ತಿರಲಿಲ್ಲ.

ಹೋದ ವರ್ಷ ಮಾಸಿ ತಿಂಗಳಲ್ಲಿ, ಬೇಸಿಗೆ ಶುರುವಾಗುವ ಹೊತ್ತಿಗೆ, ಧನಶೇಖರ್ ಅವಳನ್ನು ಆಫೀಸಿಗೆ ಕರೆಸಿದ. ಐದು ರೋಡ್ ಸರ್ಕಲ್ ಹತ್ತಿರ, ಕನ್ನಡಕದ ಅಂಗಡಿಯ ಮೇಲಿನ ಎರಡು ಕೋಣೆಯ ಸರ್ವೆ ಆಫೀಸು ಅವನದು. ಇವರ ಜನದವನೇ, ವಯಸ್ಸಿನಲ್ಲಿ ಹನ್ನೆರಡು ವರ್ಷ ಚಿಕ್ಕವನು. ಗೋಡೆಯ ಮೇಲೆ ದೊಡ್ಡ ಟಿವಿ ಓಡುತ್ತಿತ್ತು, ಅದರ ತಲೆಯ ಮೇಲೆ ಗೇಣುದ್ದದ ಕಪ್ಪು ಪಟ್ಟಿಯೊಂದು ಕೂತಿತ್ತು.

"ಅಕ್ಕಾ, ಇಲ್ಲಿ ಬಂದು ನಿಂತ್ಕೊ. ಕೈ ಎತ್ತು, ನೋಡು," ಎಂದ.

ರಾಜಾತಿ ಕೈ ಎತ್ತಿದಳು. ಪರದೆಯ ಮೇಲೆ ಯಾರೋ ಕೈ ಎತ್ತಿದರು. ಅವಳದೇ ಎತ್ತರ, ಅವಳದೇ ಓರೆ ಭುಜ, ಆದರೆ ಮೈಯಿಲ್ಲ. ಇಪ್ಪತ್ತು ಹಸಿರು ಚುಕ್ಕಿ, ಚುಕ್ಕಿಯಿಂದ ಚುಕ್ಕಿಗೆ ಗೆರೆ, ಅಷ್ಟೆ. ಅವಳು ಗಾಬರಿಯಿಂದ ಸೆರಗು ಸರಿಮಾಡಿಕೊಂಡಳು. ಚುಕ್ಕಿಗಳೂ ಸೆರಗು ಸರಿಮಾಡಿಕೊಂಡವು.

"ಇದು ನನ್ನ ಎಂಗೆ ನೋಡ್ತೈತೆ? ನನ್ನ ಕೈಲಿ ಏನೂ ಇಲ್ವಲ್ಲ?"

"ಏನೂ ಬೇಡ. ಅದು ಕಣ್ಣು. ಕ್ಯಾಮೆರಾ. ನೀನು ಆಡಿದಂಗೆ ಟಿವಿಯೊಳಗಿನ ಆಟನೂ ಆಡ್ತೈತೆ." ಧನಶೇಖರ್ ಮೇಜಿನಿಂದ ಇನ್ನೊಂದನ್ನು ಎತ್ತಿಕೊಟ್ಟ. ಟಾರ್ಚಿನಷ್ಟು ಉದ್ದದ ಕೋಲು, ತುದಿಯಲ್ಲಿ ನಿಂಬೆಹಣ್ಣಿನ ಗಾತ್ರದ ಮೆತ್ತನೆಯ ಗೋಳ. ತೋರುಬೆರಳ ಗುಂಡಿ ಒತ್ತಿದರೆ ನೀಲಿಯಾಗಿದ್ದ ಗೋಳ ಕೆಂಪಾಗಿ ಹೊಳೆಯಿತು. "ಇದು ಅದರ ಎದುರಾಳಿ ಕಂಪನಿದು. ಕೈಲಿಡಿದು ಬೀಸೋದು. ಎರಡು ಕಂಪನಿಗೂ ಸರಿಯಾದ ಜಗಳ ಅಕ್ಕಾ. ಸೇಲಂ, ದರ್ಮಪುರಿ ಎರಡು ಜಿಲ್ಲೇಲಿ ಯಾರ್ದು ಎಷ್ಟೈತೆ, ಇನ್ನು ಎಷ್ಟು ಓಗುತ್ತೆ, ಮಾರ್ಕೆಟ್ ಸೈಜ್ ಬೇಕಂತೆ. ಕೋಲಿನ ಕಂಪನಿಯೋರು ಕೇಳ್ತಾವ್ರೆ. ಕಮ್ಮಿ ಬಂದ್ರೆ ಇಲ್ಲಿರೋ ಸರ್ವಿಸ್ ಸೆಂಟರ್ ಮುಚ್ಚಿಬಿಡ್ತಾರೆ."

ಕೆಲಸ ಸುಲಭ ಎಂದುಕೊಂಡೇ ರಾಜಾತಿ ಹೊರಟಳು. ಅಂಗಡಿಗಳವರು ಕೊಟ್ಟ ಲೆಕ್ಕದ ಪ್ರಕಾರ ನಾಲ್ಕು ವರ್ಷದಲ್ಲಿ ನೂರ ಅರವತ್ತನಾಲ್ಕು ಕೋಲು, ಎಪ್ಪತ್ತೊಂದು ಕಣ್ಣು ಮಾರಾಟವಾಗಿದ್ದವು. ವಾರಂಟಿ ಕಾರ್ಡಿನಲ್ಲಿದ್ದ ವಿಳಾಸ ಹಿಡಿದು ಅರವತ್ತು ಮನೆಗೆ ಹೋದಳು. ಫೇರ್‌ಲ್ಯಾಂಡ್ಸ್‌ನ ಮಹಡಿ ಮನೆಗಳು, ಹಸ್ತಂಪಟ್ಟಿಯ ಅಪಾರ್ಟ್‌ಮೆಂಟುಗಳು, ಧರ್ಮಪುರಿಯ ಹೊಸ ಬಡಾವಣೆ. ಒಂಬತ್ತು ಮನೆಯಲ್ಲಿ ಮಾತ್ರ ಆಟ ನಡೆಯುತ್ತಿತ್ತು. ಕೆಲವರು ಗೋಡೆಯ ಸಜ್ಜಾ ಮೇಲಿಂದ ಧೂಳು ಹಿಡಿದ ಡಬ್ಬ ಇಳಿಸಿ ತೋರಿಸಿದರು. ಉಳಿದವರಲ್ಲಿ ಹೆಚ್ಚಿನವರು ಹೇಳಿದ್ದು ಒಂದೇ ಮಾತು.

"ಅದನ್ನ ಕೊಟ್ಬಿಟ್ವಮ್ಮಾ. ಒಬ್ರು ಡಾಕ್ಟರಮ್ಮ ಬಂದು ಇಸ್ಕೊಂಡು ಓದ್ರು."

ಯಾವ ಡಾಕ್ಟರಮ್ಮ ಎಂದರೆ ಯಾರಿಗೂ ಹೆಸರು ಗೊತ್ತಿಲ್ಲ. ಸ್ಕೂಟಿಯಲ್ಲಿ ಬಂದಿದ್ದರು, ನಲ್ಲಂಪಳ್ಳಿ ಕಡೆಯವರಂತೆ ಎಂದಷ್ಟೇ ಒಬ್ಬರು ಹೇಳಿದರು.

ಧನಶೇಖರ್‌ಗೆ ಫೋನು ಮಾಡಿದರೆ ಅವನು, "ಉಪಯೋಗದಲ್ಲಿಲ್ಲ ಅಂತ ಒತ್ತಿ ಬಂದ್ಬಿಡಕ್ಕಾ. ಆಟ ಆಡೋರೇ ಇಲ್ಲ ಅಂದ್ಮೇಲೆ ಮಾರ್ಕೆಟ್ ಸತ್ತೋಗೈತೆ ಅಂತ ತಾನೇ ಅರ್ಥ," ಎಂದ. ರಾಜಾತಿಗೆ ಒಪ್ಪಿಗೆಯಾಗಲಿಲ್ಲ. ಇಷ್ಟು ವರ್ಷದಲ್ಲಿ ಜನ ಹಳೇ ಮಿಕ್ಸಿ ಕೊಟ್ಟದ್ದು ಕಂಡಿದ್ದಳು, ಹಳೇ ಸೈಕಲ್ ಕೊಟ್ಟದ್ದು ಕಂಡಿದ್ದಳು. ಕೊಟ್ಟ ವಸ್ತು ಎಲ್ಲೋ ಇರಲೇಬೇಕು. ಎರಡು ಜಿಲ್ಲೆಯ ಆಟದ ಸಾಮಾನನ್ನೆಲ್ಲ ಬಾಚಿಕೊಂಡು ಹೋಗಿ ಒಬ್ಬ ಡಾಕ್ಟರಮ್ಮ ಏನು ಮಾಡುತ್ತಾಳೆ?

ಮೊದಲ ಸುಳಿವು ಸಿಕ್ಕಿದ್ದು ಧರ್ಮಪುರಿ ಬಸ್‌ಸ್ಟ್ಯಾಂಡಿನ ಹಿಂದಿನ ಸಾಲಿನಲ್ಲಿ, ಸರವಣನ್ ಎಂಬವನ ರಿಪೇರಿ ಅಂಗಡಿಯಲ್ಲಿ. ಮೊಬೈಲು, ರಿಮೋಟು, ಸೆಟ್‌ಟಾಪ್ ಬಾಕ್ಸು ರಿಪೇರಿ ಮಾಡುವವನು. ಅವನ ಹಿಂದಿನ ಹಲಗೆಯ ಮೇಲೆ ಹನ್ನೊಂದು ದೀಪದ ಕೋಲು ಸಾಲಾಗಿ ನಿಂತಿದ್ದವು, ಪಕ್ಕದಲ್ಲಿ ನಾಲ್ಕು ಕಪ್ಪು ಪಟ್ಟಿ. ರಾಜಾತಿ ಬೆಪ್ಪಾಗಿ ನೋಡಿದಳು. ಫೇರ್‌ಲ್ಯಾಂಡ್ಸ್‌ನಲ್ಲಿ ಸತ್ತುಹೋಗಿದ್ದ ಆಟ ಇಲ್ಲಿ ರಿಪೇರಿಗೆ ಸಾಲುಗಟ್ಟಿತ್ತು.

"ಇವೆಲ್ಲ ಎಲ್ಲಿಂದ ಬರ್ತಾವಣ್ಣಾ?"

"ಅಳ್ಳಿಯಿಂದ ಬರ್ತಾವೆ. ಪೆನ್ನಾಗರಂ, ಕೊಳತ್ತೂರು, ಮೇಚೇರಿ ಕಡೆಯಿಂದೆಲ್ಲ. ಬ್ಯಾಟರಿ ಓಗಿರ್ತೈತೆ, ಗುಂಡಿ ಸವೆದಿರ್ತೈತೆ." ಸರವಣನ್ ಸ್ಕ್ರೂಡ್ರೈವರ್‌ನಿಂದ ಕಣ್ಣು ತೆಗೆಯದೆ ಹೇಳಿದ. "ಆಟ ಆಡೋ ಮಕ್ಕಳದ್ದು ಅಂದ್ಕೊಂಡ್ಯಾ? ತಗೊಂಡು ಬರೋರು ಎಲ್ಲ ದೊಡ್ಡೋರು. ರಿಪೇರಿ ಎರಡು ದಿನ ತಡ ಆದ್ರೆ ಅಳೋಕೇ ಶುರು ಮಾಡ್ತಾರೆ."

ಅವನ ರಿಪೇರಿ ಪುಸ್ತಕದಲ್ಲಿ ಒಟ್ಟು ಎಂಬತ್ತನಾಲ್ಕು ಬೇರೆ ಬೇರೆ ಮನೆಯ ಹೆಸರು, ಊರು, ಫೋನ್ ನಂಬರ್ ಇತ್ತು. ಅವನು ಒಬ್ಬೊಬ್ಬರಿಗೇ ಫೋನು ಮಾಡಿ ಕೇಳಿ, ಒಪ್ಪಿದವರ ಮನೆಗೆ ರಾಜಾತಿಯನ್ನು ಕಳಿಸಿದ.

ಅವಳು ಹೋದ ಮೊದಲನೇ ಮನೆ ಮಾದಪ್ಪನದು. ಮೆಟ್ಟೂರು ಅಣೆಕಟ್ಟಿನ ಹಿನ್ನೀರಿನ ಅಂಚಿಗೆ, ರಾಗಿ ಹೊಲಗಳ ನಡುವಿನ ಹಂಚಿನ ಮನೆ. ಬಾಗಿಲು ತೆರೆದಿತ್ತು. ಒಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಎಪ್ಪತ್ತು ದಾಟಿದ ಮುದುಕ ಟಿವಿಗೆ ಎದುರಾಗಿ ಕೂತಿದ್ದ. ಬಲಗೈ ತೊಡೆಯ ಮೇಲೆ ಸತ್ತಂತೆ ಬಿದ್ದಿತ್ತು, ಬಾಯಿ ಒಂದು ಕಡೆ ಸೊಟ್ಟಗಾಗಿತ್ತು. ಟಿವಿಯ ಮೇಲೆ ಅದೇ ಕಪ್ಪು ಪಟ್ಟಿ. ಪರದೆಯಲ್ಲಿ ಬಣ್ಣದ ಬಲೂನುಗಳು ಕೆಳಗಿಂದ ಮೇಲಕ್ಕೆ ತೇಲುತ್ತಿದ್ದವು.

ಹೆಂಡತಿ ನಾರಾಯಣಮ್ಮ ಬಾಯಿಯ ಮೇಲೆ ಬೆರಳಿಟ್ಟು ರಾಜಾತಿಯನ್ನು ಹೊಸ್ತಿಲಲ್ಲೇ ನಿಲ್ಲಿಸಿದಳು.

ಮಾದಪ್ಪನ ಕುತ್ತಿಗೆಯ ನರ ಬಿಗಿಯಿತು. ಕಣ್ಣು ಒಂದು ಹಳದಿ ಬಲೂನಿನ ಮೇಲೆ ನೆಟ್ಟಿತ್ತು. ತೊಡೆಯ ಮೇಲಿದ್ದ ಕೈ ನಡುಗಿತು, ಮೇಲೆದ್ದಿತು, ನಾಲ್ಕು ಬೆರಳು ಅಗಲ, ಅದಕ್ಕಿಂತ ಹೆಚ್ಚಿಲ್ಲ. ಆದರೆ ಪರದೆಯ ಮೇಲೆ ಒಂದು ಹಸಿರು ಕೈ ಮೊಳದುದ್ದ ಮೇಲೆದ್ದು ಬಲೂನಿಗೆ ಬಡಿಯಿತು. ಪಟ್ ಎಂದಿತು. ಮುದುಕ ಮಗುವಿನಂತೆ ನಕ್ಕ. ಕೈ ತೊಡೆಗೆ ಬಿತ್ತು. ಇನ್ನೊಂದು ಬಲೂನು ತೇಲಿ ಬಂತು, ಕೈ ಮತ್ತೆ ನಡುಗಿತು.

ರಾಜಾತಿಗೆ ಟ್ಯಾಬು ತೆರೆಯುವುದೇ ಮರೆತುಹೋಯಿತು.

"ಪಕ್ಕವಾತ ಒಡ್ದು ಒಂಬತ್ತು ತಿಂಗ್ಳಾತು ತಾಯಿ," ಎಂದಳು ನಾರಾಯಣಮ್ಮ, ಆಟ ಮುಗಿದ ಮೇಲೆ. "ಮೊದ್ಲು ಆ ಕೈ ಸೌದೆ ಕಟ್ಟಿದಂಗೆ ಇತ್ತು. ಆಸ್ಪತ್ರೇಲಿ ವ್ಯಾಯಾಮ ಮಾಡು ಅಂದ್ರು. ಮಾಡೋರ್ಯಾರು? ಎರಡು ಸಲ ಎತ್ತೋದು, ಇದ್ಯಾಕೆ ಅಂತ ಬಿಟ್ಟುಬಿಡೋದು. ಸುಗನ್ಯಾ ಡಾಕ್ಟರಮ್ಮ ಇದ್ನ ತಂದಿಟ್ರು. ಈಗ ಊಟಕ್ಕೆ ಕರೆದ್ರೂ ಬರೋಲ್ಲ, ಇನ್ನೊಂದು ಬಲೂನು, ಇನ್ನೊಂದು ಬಲೂನು ಅಂತಾರೆ. ನಿನ್ನೆ ಮುನ್ನೂರ ಹತ್ತು ಒಡ್ದವ್ರೆ."

ಮುನ್ನೂರ ಹತ್ತು ಸಲ ಆ ಕೈ ಎದ್ದಿತ್ತು. ರಾಜಾತಿ ಆ ಮಾತನ್ನು ಮನಸ್ಸಿನಲ್ಲೇ ಇನ್ನೊಮ್ಮೆ ಹೇಳಿಕೊಂಡಳು.

ರಾಗಿ ಅಂಬಲಿ ಕುಡಿಯುತ್ತ ಅವಳು ತನ್ನ ಕಷ್ಟ ಹೇಳಿಕೊಂಡಳು. "ತಾತಾ, ನಿಮ್ಮಂಗೆ ಎಷ್ಟು ಮನೆ ಐತೋ ನಂಗೆ ಗೊತ್ತಾಗ್ತಿಲ್ಲ. ಅಂಗಡಿ ಪುಸ್ತಕದಲ್ಲಿ ಇಲ್ಲ. ಬೀದಿಯಿಂದ ಕಾಣೋಲ್ಲ. ಕಾಣದೆ ಇರೋದನ್ನ ಎಂಗೆ ಎಣಿಸ್ಲಿ?"

ಮಾದಪ್ಪ ಸೊಟ್ಟ ಬಾಯಿಯಲ್ಲೇ ನಿಧಾನವಾಗಿ ಮಾತಾಡಿದ. ಅರ್ಥವಾಗದ ಕಡೆ ನಾರಾಯಣಮ್ಮ ಬಿಡಿಸಿ ಹೇಳಿದಳು.

"ಮೀನು ಎಣಿಸ್ತಾರೆ. ಗೊತ್ತಾ?"

"ನೀರೊಳಗಿರೋ ಮೀನಾ?"

"ಊಂ. ನಾನು ಬಲೆ ಆಕ್ತಿದ್ದ ಕಾಲದಲ್ಲಿ ಯಾವ್ದೋ ಕಾಲೇಜಿನೋರು ಬಂದಿದ್ರು. ಬೇಸಿಗೆ. ಡ್ಯಾಮ್ ನೀರು ಇಳಿದು ಒಂದು ಮಡು ಬೇರೆಯಾಗಿ ನಿಂತಿತ್ತು. ಈ ಮಡುವಲ್ಲಿ ಎಷ್ಟು ಮೀನೈತೆ ಅಂತ ಕೇಳಿದ್ರು. ನಾನು ನಕ್ಕೆ. ನೂರು ಮೀನು ಇಡ್ಸಿದ್ರು. ರೆಕ್ಕೆ ತುದಿ ಚೂರು ಕತ್ತರಿಸಿ ಗುರ್ತು ಮಾಡಿ ನೀರಿಗೇ ಬಿಡಿಸಿದ್ರು. ನಾಲ್ಕು ದಿನ ಬಿಟ್ಟು ಇನ್ನೊಂದು ಸಲ ಬಲೆ ಆಕು ಅಂದ್ರು. ಐವತ್ತು ಬಿತ್ತು. ಅದ್ರಲ್ಲಿ ಗುರ್ತಿಂದು ಐದು."

ಅವನು ದಣಿದು ಮಾತು ನಿಲ್ಲಿಸಿದ. ಆಮೇಲೆ ಎಡಗೈ ಬೆರಳು ಮಡಿಸಿ ಹತ್ತಕ್ಕೆ ಒಂದು ಎಂದು ತೋರಿಸಿದ.

"ಬಲೆಗೆ ಬಿದ್ದ ಅತ್ತು ಮೀನಲ್ಲಿ ಒಂದು ನಮ್ಮ ಗುರ್ತಿಂದು. ಅಂಗಂದ್ರೆ ಮಡುವಲ್ಲೂ ಅತ್ತರಲ್ಲಿ ಒಂದು ತಾನೇ? ನಾವು ಗುರ್ತು ಮಾಡಿದ್ದು ನೂರು. ಮಡುವಲ್ಲಿ ಸಾವ್ರ. ಅಂಗಂತ ಕಾಗದದ ಮೇಲೆ ಬರೆದಿಟ್ರು. ಚಿತ್ರೈ ತಿಂಗ್ಳಲ್ಲಿ ಮಡು ಬತ್ತಿ ಓತು. ಎಲ್ಲಾನೂ ಇಡ್ದು ಎಣಿಸ್ದೋ. ಒಂಬೈನೂರ ಎಪ್ಪತ್ತು." ಮುದುಕನ ಕಣ್ಣುಗಳು ಆ ದಿನದ ನೀರನ್ನು ಈಗಲೂ ನೋಡುತ್ತಿರುವಂತೆ ಅರಳಿದ್ದವು. "ನನ್ನ ಮೈ ಜುಂ ಅಂತು ತಾಯಿ. ನೀರೊಳಗೆ ಒಂದ್ಸಲಾನೂ ಇಣುಕದೆ ಎಂಗೆ ಏಳಿದ್ರು ಅಂತ!"

ಮೆಟ್ಟೂರಿನಿಂದ ಬಸ್ಸಿನಲ್ಲಿ ಬರುವಾಗ ರಾಜಾತಿ ಕಿಟಕಿಗೆ ತಲೆಯಿಟ್ಟು ಅದನ್ನೇ ಯೋಚಿಸಿದಳು. ಎರಡು ಸಲ ಬಲೆ ಹಾಕಬೇಕು. ಸರವಣನ್‌ನ ಪುಸ್ತಕ ಒಂದು ಬಲೆ. ಇನ್ನೊಂದು ಬಲೆ ಆ ಡಾಕ್ಟರಮ್ಮನ ಹತ್ತಿರ ಇರಬೇಕು.

ಸುಗನ್ಯಾಳ ಕ್ಲಿನಿಕ್ಕು ನಲ್ಲಂಪಳ್ಳಿಯಲ್ಲಿ, ಗೊಬ್ಬರದ ಅಂಗಡಿಯ ಮಗ್ಗುಲಿಗೆ. ಮೂವತ್ತೆಂಟು ವಯಸ್ಸಿನ, ಮಾತಿನ ನಡುವೆ ಬಿಡುವಿಲ್ಲದ ಹೆಂಗಸು. ಫಿಸಿಯೋಥೆರಪಿ ಓದಿದವಳು. ಅವಳ ತಾಯಿಯ ಕಡೆಯವರೂ ಅಮ್ಮಾಪೇಟೆ ನೇಕಾರರೇ ಎಂದು ತಿಳಿದ ಕೂಡಲೇ ಇಬ್ಬರೂ ತಮಿಳು ಬಿಟ್ಟು ಕನ್ನಡಕ್ಕೆ ಬಂದರು.

"ನಾನೇ ಅಕ್ಕಾ ಆ ಕಳ್ಳಿ," ಎಂದು ಸುಗನ್ಯಾ ನಕ್ಕಳು. "ನಮ್ಮ ಪೇಷಂಟ್ ಒಬ್ರು ಎಷ್ಟು ಏಳಿದ್ರೂ ವ್ಯಾಯಾಮ ಮಾಡ್ತಿರ್ಲಿಲ್ಲ. ಒಂದಿನ ಅವರ ಮನೇಲಿ ಮೊಮ್ಮಗಳು ಟಿವಿ ಮುಂದೆ ಕೋಲು ಬೀಸ್ತಿದ್ಲು. ಇವರು ಇದ್ದಕ್ಕಿದ್ದಂಗೆ ತಾವೂ ಕೈ ಚಾಚಿಬಿಟ್ರು! ಆರು ತಿಂಗಳು ನಾನು ಎಳೆದ್ರೂ ಬರದ ಕೈ. ಅವತ್ತಿಂದ ಎಲ್ಲಿ ಸುಮ್ನೆ ಬಿದ್ದೈತೆ ಅಂತ ಕೇಳಿದ್ರೂ ಓಗಿ ಕೇಳಿ ತರ್ತೀನಿ. ಅತ್ತೊಂಬತ್ತು ಸೆಟ್ ಐತೆ ಈಗ. ಒಂದು ಮನೇಲಿ ನಾಲ್ಕು ತಿಂಗಳು, ಆಮೇಲೆ ಇನ್ನೊಂದು ಮನೆ."

ಹತ್ತೊಂಬತ್ತು ಸೆಟ್ಟು ಅಷ್ಟರಲ್ಲಾಗಲೇ ಅರವತ್ತೈದು ಮನೆ ಸುತ್ತಿದ್ದವು.

"ಯಾವ ಕಂಪನಿದು ಜಾಸ್ತಿ ಚೆನ್ನಾಗೈತೆ? ಕೋಲೋ, ಕಣ್ಣೋ?" ರಾಜಾತಿ ತನ್ನ ಫಾರಂನ ಮುಖ್ಯ ಪ್ರಶ್ನೆಯನ್ನೇ ಕೇಳಿದಳು.

ಸುಗನ್ಯಾ ತಲೆಯಾಡಿಸಿದಳು. "ಅಂಗೆ ಕೇಳೋಕಾಗಲ್ಲ ಅಕ್ಕಾ. ಬೆರಳು ಮಡಿಸೋಕೆ ಆಗದೋರ ಕೈಗೆ ಕೋಲು ಕೊಟ್ರೆ ಕೆಳಗೆ ಬೀಳ್ತೈತೆ. ಅವರಿಗೆ ಕಣ್ಣು ಬೇಕು, ಅದು ಏನೂ ಇಡ್ಕೋ ಅನ್ನೋಲ್ಲ. ಮೂರ್ನಾಲ್ಕು ತಿಂಗಳಾಗಿ ಮುಷ್ಟಿ ಬಂದ ಮೇಲೆ ಬರೀ ಕಣ್ಣು ಸಾಲೋಲ್ಲ. ಆಗ ಕೋಲು ಕೊಡ್ಬೇಕು. ಕೈಗೆ ಇಡಿತ ಬರ್ಬೇಕಲ್ಲ! ಕಣ್ಣು ಮುಗಿದ ಕಡೆ ಕೋಲು ಶುರುವಾಗ್ತೈತೆ."

ಬೆಂಗಳೂರಿನಲ್ಲೋ ಇನ್ನೆಲ್ಲೋ ಎರಡು ಕಂಪೆನಿಗಳು ಒಂದನ್ನೊಂದು ಮುಗಿಸಲು ನೋಡುತ್ತಿದ್ದವು. ಇಲ್ಲಿ ಒಂದು, ಮನುಷ್ಯನ ಕೈಯನ್ನು ಅರ್ಧ ದಾರಿ ನಡೆಸಿಕೊಂಡು ಬಂದು, ಇನ್ನೊಂದರ ವಶಕ್ಕೆ ಒಪ್ಪಿಸುತ್ತಿತ್ತು. ರಾಜಾತಿಯ ಟ್ಯಾಬಿನಲ್ಲಿ ಅದನ್ನು ಬರೆಯಲು ಜಾಗವಿರಲಿಲ್ಲ. ಅವಳು ಬ್ಯಾಗಿನಿಂದ ಹಳೆಯ ನೋಟ್‌ಪುಸ್ತಕ ತೆಗೆದು ಬರೆದುಕೊಂಡಳು.

ಆ ಮಧ್ಯಾಹ್ನ ಇಬ್ಬರೂ ಕೂತು, ರಾಜಾತಿ ಸರವಣನ್‌ನ ಪುಸ್ತಕದಿಂದ ಬರೆದುಕೊಂಡು ತಂದಿದ್ದ ಪಟ್ಟಿ, ಸುಗನ್ಯಾಳ ಪಟ್ಟಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಸುಗನ್ಯಾಳ ಅರವತ್ತೈದು ಮನೆಗಳಲ್ಲಿ ಸರವಣನ್‌ನ ಪುಸ್ತಕದಲ್ಲೂ ಇದ್ದ ಮನೆ ಹದಿಮೂರು. ಐದರಲ್ಲಿ ಒಂದು. ಹಾಗಾದರೆ ಸರವಣನ್‌ನ ಎಂಬತ್ತನಾಲ್ಕು ಒಟ್ಟು ಮನೆಗಳ ಐದರಲ್ಲಿ ಒಂದು ಪಾಲು. ರಾಜಾತಿ ಕೈಯಲ್ಲೇ ಗುಣಿಸಿದಳು. ನಾನ್ನೂರ ಇಪ್ಪತ್ತು.

"ಇರೋಕೇ ಸಾಧ್ಯ ಇಲ್ಲ," ಎಂದಳು ಸುಗನ್ಯಾ. "ಎರಡು ಪಟ್ಟಿ ಸೇರಿಸಿದ್ರೂ ನೂರ ಮೂವತ್ತಾರು ಮನೆ. ಇನ್ನು ಮುನ್ನೂರು ಮನೆ ಎಲ್ಲಿ ಬಚ್ಚಿಟ್ಕೊಂಡೈತೆ?"

ರಾಜಾತಿಗೂ ಅದೇ ಅನುಮಾನ. ಆದ್ದರಿಂದ ಮರುದಿನ ಬೆಳಿಗ್ಗೆ ಅವಳು ತೊಪ್ಪೂರಿಗೆ ಹೋದಳು. ಎರಡು ಪಟ್ಟಿಯಲ್ಲೂ ತೊಪ್ಪೂರಿನ ಒಂದು ಹೆಸರೂ ಇರಲಿಲ್ಲ. ಲೆಕ್ಕ ನಿಜವಾದರೆ ಅಲ್ಲೂ ಯಾರಾದರೂ ಇರಬೇಕು, ಇಲ್ಲದಿದ್ದರೆ ಮೀನಿನ ಕತೆ ಮೀನಿಗೇ ಸರಿ.

ಘಾಟಿಯಿಂದ ಇಳಿದ ಲಾರಿಗಳು ಕಾದ ಬ್ರೇಕು ಆರಿಸಿಕೊಳ್ಳಲು ನಿಲ್ಲುವ ಜಾಗದಲ್ಲಿ ಚಾ ಅಂಗಡಿಯೊಂದಿತ್ತು. ಅಲ್ಲಿ ಚಾ ಕುಡಿದು, ಕೈಕಾಲು ಆಡದವರು ಟಿವಿ ಮುಂದೆ ಆಟ ಆಡುವ ಮನೆ ಈ ಕಡೆ ಇದೆಯೇ ಎಂದು ವಿಚಾರಿಸಿದಳು. ಚಾ ಅಂಗಡಿಯವನು ತಮಾಷೆ ಎಂದುಕೊಳ್ಳಲಿಲ್ಲ. "ನಮ್ಮ ಪೊನ್ನುಸ್ವಾಮಿ ಮನೇಲಿ ಐತಲ್ಲ," ಎಂದ, ನೀರಿನ ಟ್ಯಾಂಕಿನ ಕಡೆ ಕೈ ತೋರಿಸಿ.

ಪೊನ್ನುಸ್ವಾಮಿ ಲಾರಿ ಡ್ರೈವರ್. ಹೊಸೂರಿನಲ್ಲಿ ಯಾರೋ ಹೇಳಿದರೆಂದು ಹಳೆಯ ಕಣ್ಣೊಂದನ್ನು ಕೊಂಡು ತಂದಿದ್ದ. ಅವನ ತಾಯಿ, ಹೆಸರು ದೊಡ್ಡಮ್ಮ, ಸೊಂಟದ ಮೂಳೆ ಮುರಿದು ಒಂದು ವರ್ಷ ಹಾಸಿಗೆ ಹಿಡಿದಿದ್ದವಳು, ಆಗ ಕಂಬ ಹಿಡಿದು ನಿಂತು ಟಿವಿಯೊಳಗಿನ ಚೆಂಡನ್ನು ಒದೆಯುತ್ತಿದ್ದಳು. ಸೀರೆ ಎತ್ತಿ ಕಟ್ಟಿದ್ದಳು. ಪಾದ ನೆಲದಿಂದ ಎರಡು ಬೆರಳು ಏಳುತ್ತಿತ್ತು. ಪರದೆಯ ಮೇಲೆ ಚೆಂಡು ಬಲೆಯೊಳಗೆ ನುಗ್ಗುತ್ತಿತ್ತು.

"ನಾಲ್ಕು ಗೋಲ್ ಆತು," ಎಂದಳು ದೊಡ್ಡಮ್ಮ, ಬಂದವಳು ಯಾರೆಂದು ಕೇಳುವ ಮೊದಲೇ. "ನೀನೂ ಒಂದು ಒದಿ ಬಾ."

ರಾಜಾತಿ ಗೋಡೆಗೆ ಒರಗಿದಳು. ಈ ಮುದುಕಿಯನ್ನು ಅವಳು ನಿನ್ನೆಯವರೆಗೆ ಕಂಡಿರಲಿಲ್ಲ, ಸರವಣನ್ ಕಂಡಿರಲಿಲ್ಲ, ಸುಗನ್ಯಾ ಕಂಡಿರಲಿಲ್ಲ. ಆದರೆ ನಲ್ಲಂಪಳ್ಳಿಯಲ್ಲಿ ಎರಡು ಕಾಗದ ಪಕ್ಕಪಕ್ಕ ಇಟ್ಟಾಗಲೇ ಇವಳು ಲೆಕ್ಕದೊಳಗೆ ಬಂದು ನಿಂತಿದ್ದಳು. ಅವಳು ನೋಟ್‌ಪುಸ್ತಕ ತೆಗೆದು ದೊಡ್ಡಮ್ಮನ ಹೆಸರು ಬರೆದುಕೊಂಡಳು. ಅಂದು ಸಂಜೆಯೊಳಗೆ ತೊಪ್ಪೂರಿನಲ್ಲಿ ಇನ್ನೂ ಎರಡು ಮನೆ ಸಿಕ್ಕವು. ಒಬ್ಬರಿಂದ ಒಬ್ಬರಿಗೆ, ನಂಟರಿಂದ ನಂಟರಿಗೆ, ಆಸ್ಪತ್ರೆಯ ಬೆಂಚಿನ ಮೇಲೆ ಪರಿಚಯವಾದವರಿಂದ ಪರಿಚಯವಾದವರಿಗೆ ಈ ಸಂಗತಿ ಯಾವ ಜಾಹೀರಾತೂ ಇಲ್ಲದೆ ಹರಡಿತ್ತು.

ಆಫೀಸಿನಲ್ಲಿ ಅವಳು ಇಷ್ಟನ್ನೂ ಹೇಳಿದಾಗ ಧನಶೇಖರ್ ಎದ್ದು ನಿಂತುಬಿಟ್ಟ.

"ಅಕ್ಕಾ, ಇದು ನಾನು ಕಾಲೇಜಲ್ಲಿ ಓದಿದ್ದೇ! ಪರೀಕ್ಷೆ ಬರೆದು ಮರ್ತೂ ಓಗಿದ್ದೆ. ನಿಂಗೆ ಯಾರು ಏಳಿಕೊಟ್ರು?"

"ಮೀನು ಇಡಿಯೋರು."

ಅವನು ಲೆಕ್ಕವನ್ನು ಮೂರು ಸಲ ತಿದ್ದಿ ನೋಡಿದ. "ನಿನ್ನ ಎರಡು ಪಟ್ಟಿಗೂ ಸ್ವಲ್ಪ ನಂಟೈತೆ. ಸುಗನ್ಯಾ ತನ್ನ ಪೇಷಂಟ್‌ಗಳನ್ನ ಸರವಣನ್ ಅಂಗಡಿಗೇ ಕಳಿಸ್ತಾರಲ್ಲ. ಅಂಗಿದ್ರೆ ಎರಡರಲ್ಲೂ ಇರೋರು ಜಾಸ್ತಿ ಸಿಕ್ತಾರೆ, ಲೆಕ್ಕ ಕಮ್ಮಿ ಬರ್ತೈತೆ. ನಿಜವಾಗಿ ನಾನ್ನೂರ ಇಪ್ಪತ್ತಕ್ಕಿಂತ ಜಾಸ್ತಿನೇ ಇರ್ಬೇಕು." ಇಬ್ಬರೂ ಗೋಡೆಯ ಮೇಲಿದ್ದ ಎರಡು ಜಿಲ್ಲೆಗಳ ನಕ್ಷೆಯನ್ನು ನೋಡಿದರು. ಇಪ್ಪತ್ತಮೂರು ವರ್ಷ ನಡೆದಾಡಿದ ನೆಲ ರಾಜಾತಿಗೆ ಹೊಸದಾಗಿ ಕಂಡಿತು. ಅಷ್ಟೂ ಊರುಗಳಲ್ಲಿ ಮುಚ್ಚಿದ ಬಾಗಿಲುಗಳ ಹಿಂದೆ ಕೈಗಳು ಒಂದೊಂದು ಬೆರಳಷ್ಟಾಗಿ ಮೇಲೇಳುತ್ತಿದ್ದವು.

ಕೋಲಿನ ಕಂಪೆನಿಯವರು ವರದಿ ನಂಬಲಿಲ್ಲ. ನಂಬುವುದಾದರೂ ಹೇಗೆ? ತಾವು ಮಾರಿದ್ದು ನೂರ ಅರವತ್ತನಾಲ್ಕು, ಎದುರಾಳಿ ಎಪ್ಪತ್ತೊಂದು, ಸಜ್ಜಾ ಸೇರಿದ್ದೇ ಅರ್ಧ. ಬಳಸಿದ ಮನೆ ನಾನ್ನೂರ ಇಪ್ಪತ್ತಕ್ಕೆ ಕಡಿಮೆಯಿಲ್ಲ ಎಂದರೆ ಯಾರು ಒಪ್ಪುತ್ತಾರೆ? ಒಂದೇ ಸೆಟ್ಟು ಮೂರು ನಾಲ್ಕು ಮನೆ ಸುತ್ತುತ್ತದೆ, ಹೊರಗಿನ ಊರುಗಳಿಂದ ಹಳೆಯವೂ ಬರುತ್ತವೆ ಎಂಬುದು ಅವರ ಲೆಕ್ಕದಲ್ಲಿರಲಿಲ್ಲ. ಪರೀಕ್ಷಿಸಲು ಬೆಂಗಳೂರಿನಿಂದ ಶಂಕರ್ ಎಂಬ ಅಧಿಕಾರಿ ಬಂದ. ಇಸ್ತ್ರಿ ಅಂಗಿಯ, ನಯವಾದ ಮಾತಿನ ಮನುಷ್ಯ.

"ಮೇಡಂ, ನನಗೆ ಬೇಕಾಗಿರೋದು ಒಂದೇ ಉತ್ತರ," ಎಂದ ಕಾರಿನಲ್ಲಿ. "ಈ ನಾನ್ನೂರ ಇಪ್ಪತ್ತರಲ್ಲಿ ನಮ್ಮದೆಷ್ಟು, ಅವರದೆಷ್ಟು?"

"ಅದು ತಿಂಗಳು ತಿಂಗಳು ಮಾರ್ತೈತೆ, ಬದ್ಲಾಗ್ತೈತೆ ಸಾರ್," ಎಂದಳು ರಾಜಾತಿ. "ಇವತ್ತು ಅವರ್ದು ಇರೋ ಮನೆ ಮುಂದೆ ನಿಮ್ದಾಗ್ತೈತೆ."

ಶಂಕರ್ ನಕ್ಕ. ಅವಳ ಕನ್ನಡ ಕೇಳಿ ನಕ್ಕನೋ ಉತ್ತರ ಕೇಳಿ ನಕ್ಕನೋ ಅವಳಿಗೆ ತಿಳಿಯಲಿಲ್ಲ.

ಅಂದು ಸುಗನ್ಯಾಳ ಕ್ಲಿನಿಕ್ಕಿಗೆ ಭುವನಾ ಬಂದಿದ್ದಳು. ಇಪ್ಪತ್ತನಾಲ್ಕು ವಯಸ್ಸು. ಸ್ಕೂಟರಿನಿಂದ ಬಿದ್ದು ತಲೆಗೆ ಏಟಾಗಿ ಬಲಗೈ ಬೆರಳು ಮಡಿಸಲಾಗದೆ ಹೋಗಿತ್ತು. ಅಪಘಾತಕ್ಕೆ ಮುಂಚೆ ಊರಿನ ಮದುವೆಗಳಿಗೆಲ್ಲ ಮೆಹೆಂದಿ ಹಾಕುತ್ತಿದ್ದವಳು. ನಾಲ್ಕೂವರೆ ತಿಂಗಳು ಮನೆಯಲ್ಲಿ ಕಣ್ಣಿನ ಮುಂದೆ ಕೂತು ಬಲೂನು ಒಡೆದಿದ್ದಳು, ಹಣ್ಣು ಕಿತ್ತಿದ್ದಳು. ಇವತ್ತು ಮೊದಲ ಸಲ ಕೋಲು.

ಹಿಡಿ ದಪ್ಪವಾಗಲೆಂದು ಸುಗನ್ಯಾ ಕೋಲಿಗೆ ಹಳೆ ಸೀರೆಯ ತುಂಡು ಸುತ್ತಿದ್ದಳು. ಭುವನಾಳ ಅಂಗೈಯಲ್ಲಿ ಅದನ್ನು ಇಟ್ಟು ತನ್ನ ಕೈ ಹಿಂದಕ್ಕೆ ತೆಗೆದುಕೊಂಡಳು. ಕೋಲು ಜಾರಿ ಮಡಿಲಿಗೆ ಬಿತ್ತು. ಮತ್ತೆ ಇಟ್ಟಳು, ಮತ್ತೆ ಬಿತ್ತು. ಭುವನಾಳ ತಾಯಿ ಗೋಡೆಯ ಕಡೆ ತಿರುಗಿಕೊಂಡರು.

"ಇನ್ನೊಂದ್ಸಲ ಕೊಡಿ ಅಕ್ಕಾ," ಎಂದಳು ಭುವನಾ.

ಮೂರನೇ ಸಲ ಅವಳು ಪರದೆಯನ್ನು ನೋಡಲಿಲ್ಲ, ತನ್ನ ಕೈಯನ್ನೇ ನೋಡಿದಳು. ಕಿರುಬೆರಳು ಮೊದಲು ಬಂತು. ಆಮೇಲೆ ಉಂಗುರದ ಬೆರಳು, ಅದು ಬರಲೋ ಬೇಡವೋ ಎಂದು ತಡೆದು ತಡೆದು ಬಂತು. ಹೆಬ್ಬೆರಳು ಅಡ್ಡ ಬಂದು ಕೂತಿತು. ಕೋಲು ಬೀಳಲಿಲ್ಲ. ತೋರುಬೆರಳು ಗುಂಡಿಯ ಮೇಲೆ ಹೋಗಿ ಅಲ್ಲೇ ನಡುಗುತ್ತ ನಿಂತಿತು. ಗುಂಡಿ ಗಟ್ಟಿ. ಆಡುವ ಮಕ್ಕಳ ಬೆರಳಿಗೆಂದು ಮಾಡಿದ ಗಟ್ಟಿ ಸ್ಪ್ರಿಂಗು ಅದರೊಳಗಿತ್ತು. ಭುವನಾಳ ಹಣೆಯಲ್ಲಿ ಬೆವರು ಮೂಡಿ, ಹುಬ್ಬಿಗೆ ಇಳಿದು, ಕಣ್ಣಿಗೆ ಬಂತು. ಅವಳು ರೆಪ್ಪೆ ಮುಚ್ಚಲಿಲ್ಲ.

ನೀಲಿ ಗೋಳ ಕೆಂಪಾಯಿತು.

ಭುವನಾ ಬಿಟ್ಟು ಬಿಟ್ಟು ಗುಂಡಿ ಒತ್ತಿ, ಕೆಂಪು, ನೀಲಿ, ಕೆಂಪು ಎಂದು ಬಣ್ಣ ಬದಲಿಸುತ್ತ, ಆ ಬೆಳಕು ತನ್ನ ಅಂಗೈ ಮೇಲೆ ಬೀಳುವುದನ್ನು ನೋಡುತ್ತ ಕೂತಿದ್ದಳು. ಅವಳ ತಾಯಿ ಬಂದು ಮಗಳ ತಲೆಯ ಮೇಲೆ ಕೈಯಿಟ್ಟರು.

ಶಂಕರ್ ಹೊರಗೆ ಬಂದು ಗೊಬ್ಬರದ ಅಂಗಡಿಯ ಜಗಲಿಯ ಮೇಲೆ ಕೂತ. ಇಸ್ತ್ರಿ ಅಂಗಿಗೆ ಧೂಳು ಹತ್ತಿದ್ದು ಅವನ ಗಮನಕ್ಕೆ ಬರಲಿಲ್ಲ.

"ಆ ಸ್ಪ್ರಿಂಗ್ ನಾನೇ ಪಾಸ್ ಮಾಡಿದ್ದು ಮೇಡಂ. ಎಂಟು ವರ್ಷದಿಂದ ಈ ಕಂಪನೀಲಿದ್ದೀನಿ. ಒಂದ್ಸಲಾನೂ ನಮ್ಮ ಸಾಮಾನು ಯಾರ ಕೈಗೆ ಹೋಗತ್ತೆ ಅಂತ ನೋಡಿರಲಿಲ್ಲ."

ರಾಜಾತಿ ಒಳಗೆ ಹೋಗಿ ಅವನಿಗೆ ಕುಡಿಯಲು ನೀರು ತಂದುಕೊಟ್ಟಳು.

ಆಮೇಲೆ ಆದದ್ದನ್ನು ಇದ್ದಂತೆಯೇ ಹೇಳಬೇಕು. ಎಲ್ಲವೂ ಒಂದೇ ದಿನಕ್ಕೆ ಸರಿಯಾಗಲಿಲ್ಲ. ಸೇಲಂನ ಸರ್ವಿಸ್ ಸೆಂಟರ್ ಮುಚ್ಚಲಿಲ್ಲ. ಐದು ತಿಂಗಳು ಕಳೆದು, ಮೆತ್ತನೆಯ ಸ್ಪ್ರಿಂಗು ಹಾಕಿದ, ದಪ್ಪ ಹಿಡಿಯ ನಲವತ್ತು ಕೋಲು ನಲ್ಲಂಪಳ್ಳಿಗೆ ಬಂದವು. ಸರವಣನ್ ಅಂಗಡಿಗೆ ಬಿಡಿಭಾಗ ಸಿಗತೊಡಗಿತು. ಕಣ್ಣಿನ ಕಂಪೆನಿಗೆ ಧನಶೇಖರ್ ಎರಡು ಕಾಗದ ಬರೆದ, ಉತ್ತರ ಬರಲಿಲ್ಲ. ಅವರ ಕಪ್ಪು ಪಟ್ಟಿ ಕೆಟ್ಟರೆ ಸರವಣನ್ ಇನ್ನೂ ಒಂದನ್ನು ಬಿಚ್ಚಿಯೇ ಇನ್ನೊಂದನ್ನು ಬದುಕಿಸುತ್ತಾನೆ. ಭುವನಾ ಮೆಹೆಂದಿ ಕೋನು ಹಿಡಿಯುವಷ್ಟಾದಳು, ಗೆರೆ ಇನ್ನೂ ನಡುಗುತ್ತದೆ. ಮಾದಪ್ಪನ ಕೈ ಎದೆಯ ಎತ್ತರಕ್ಕೆ ಬಂದು ನಿಂತಿದೆ, ಅದಕ್ಕಿಂತ ಮೇಲೆ ಹೋಗಲಾರದು ಎಂದು ಸುಗನ್ಯಾ ಹೇಳುತ್ತಾಳೆ. ಅವನು ಒಪ್ಪುವುದಿಲ್ಲ.

ವರದಿ ಇಂಗ್ಲಿಷಿನಲ್ಲಿ ಅಚ್ಚಾಯಿತು. ಮೂರನೇ ಪುಟದಲ್ಲಿ, ಅಂದಾಜು ಮಾಡಿದವರು ಎಂಬಲ್ಲಿ, ರಾಜಾತಿ, ಗುಗೈ, ಸೇಲಂ ಎಂದಿತ್ತು. ಅದರ ಕೆಳಗೆ ಮಾದಪ್ಪನ ಹೆಸರೂ ಇತ್ತು, ಹಾಕಲೇಬೇಕೆಂದು ಅವಳು ಹಟ ಹಿಡಿದಿದ್ದಳು. ಶಿವಲಿಂಗಂ ಮಗ್ಗದಿಂದ ಎದ್ದು ಕೈ ತೊಳೆದುಕೊಂಡು ಬಂದು ಆ ಪುಟವನ್ನು ಬಹಳ ಹೊತ್ತು ನೋಡಿದ.

"ನಾನ್ನೂರ ಇಪ್ಪತ್ತು ಮನೆಗೂ ಓಗಿದ್ಯಾ ನೀನು?"

"ಇಲ್ಲಾ. ತೊಂಬತ್ತಕ್ಕೆ ಓಗಿದ್ದೆ, ಅಷ್ಟೆ."

"ಉಳಿದಿದ್ದು?"

"ಐತೆ," ಎಂದಳು ರಾಜಾತಿ. "ನಾನು ನೋಡಿಲ್ಲ, ಆದ್ರೆ ಐತೆ."

ಈ ಆಡಿ ತಿಂಗಳಲ್ಲಿ, ಅಂದರೆ ಆಷಾಢದಲ್ಲಿ, ಅವಳು ತಲೆಗೆ ಹಚ್ಚುವ ಎಣ್ಣೆಯ ಸರ್ವೆಗೆಂದು ಮೊರಪ್ಪೂರಿಗೆ ಹೋಗಿದ್ದಳು. ರೈಲ್ವೆ ಸ್ಟೇಷನ್ನಿನ ಹಿಂದಿನ ಬೀದಿ. ಬಾಗಿಲು ತೆರೆದ ಹೆಂಗಸಿಗೆ ಎಣ್ಣೆಯ ಪ್ರಶ್ನೆಗಳನ್ನೆಲ್ಲ ಕೇಳಿ ಮುಗಿಸಿ ಏಳುವಾಗ, ಒಳಕೋಣೆಯಿಂದ ಗಂಡಸೊಬ್ಬ ಜೋರಾಗಿ ಲೆಕ್ಕ ಹಾಕುವ ಸದ್ದು ಕೇಳಿತು. ನಲವತ್ತೊಂದು, ನಲವತ್ತೆರಡು.

"ನಮ್ಮ ಮನೆಯೋರು, ಪಳನಿ ಅಂತ," ಎಂದಳು ಆ ಹೆಂಗಸು. "ಕೈ ಆಡ್ತಿರ್ಲಿಲ್ಲ. ಏನೋ ಟಿವಿ ಆಟ ಬಂದೈತೆ. ಪಾಕ್ರೀಂಗಳಾ, ನೋಡ್ತೀರಾ?"

ರಾಜಾತಿ ಚಪ್ಪಲಿ ಬಿಟ್ಟು ಒಳಗೆ ಹೋದಳು.